ನಾರ್ವೆಯ ಹಳೇ ಜಮೀನು ಕಂದಾಯದ ದಫ್ತರದಲ್ಲಿ ವಂಶ ಹುಡುಕುವ ಬಗೆ

ನಾರ್ವೆ ಮೂಲದ ಮನೆತನದ ವಂಶಾವಳಿ ಕೆದಕುವವರು 1700ರ ಆಸುಪಾಸಿಗೆ ಬಂದು ನಿಂತುಬಿಡುವುದು ಮಾಮೂಲು. ಅಲ್ಲಿವರೆಗೆ ದಾರಿ ಸಲೀಸು. 1910, 1900, 1875, 1865 ಮತ್ತು 1801ರ ಜನಗಣತಿಗಳಲ್ಲಿ ಹೆಸರುಗಳಿವೆ, ನಡುವಿನ ಸಂದಿಗೆ ಹುಟ್ಟು, ಮದುವೆ, ಸಾವು ಬರೆದಿಟ್ಟ ಚರ್ಚಿನ ಪುಸ್ತಕಗಳಿವೆ, ಎಲ್ಲವೂ ನಾರ್ವೆಯ ರಾಷ್ಟ್ರೀಯ ದಫ್ತರದ ಡಿಜಿಟಾಲ್‌ಆರ್ಕಿವೆ ತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಅಮೆರಿಕದ ಮಿನೆಸೋಟ, ವಿಸ್ಕಾನ್ಸಿನ್ ಕಡೆ ನೆಲೆಸಿದ ಕನ್ನಡದವರ ಮನೆಗೆ ನಾರ್ವೆ ಮೂಲದ ಸೊಸೆಯೋ ಅಳಿಯನೋ ಬಂದಿದ್ದರೆ, ಮೊಮ್ಮಕ್ಕಳ ಒಂದು ಕಡೆಯ ವಂಶವನ್ನು ಇಷ್ಟರಲ್ಲೇ ಏಳೆಂಟು ತಲೆಮಾರು ಹಿಂದಕ್ಕೆ ಒಯ್ಯಬಹುದು. ಆಮೇಲೆ ಕಷ್ಟ. ಉಳಿದಿರುವ ಚರ್ಚ್ ಪುಸ್ತಕಗಳಲ್ಲಿ ಅತಿ ಹಳೆಯದು ಆಂದೆಬು ಎಂಬಲ್ಲಿಯದು, 1623ರದ್ದು. ಆದರೆ ಬಹುಪಾಲು ಪ್ಯಾರಿಷ್‌ಗಳ, ಅಂದರೆ ಒಂದೊಂದು ಚರ್ಚಿನ ವ್ಯಾಪ್ತಿಯ ಪ್ರದೇಶಗಳ, ಪುಸ್ತಕ ಶುರುವಾಗುವುದೇ 1700ರ ಹೊತ್ತಿಗೆ ಅಥವಾ ಅದಕ್ಕೂ ತಡವಾಗಿ. ಅದರಾಚೆಗೆ ಹೋಗಬೇಕಾದರೆ ಮುಖ್ಯವಾಗಿ ಆಸರೆಯಾಗುವುದು ಕಂದಾಯದ ಕಾಗದಗಳು.

ಈ ಕಾಗದಗಳನ್ನು ಬರೆದವರಿಗೆ ಯಾರು ಯಾರ ಮಗ ಅನ್ನುವುದು ಬೇಕಿರಲಿಲ್ಲ. ಈ ಜಮೀನಿನಿಂದ ಎಷ್ಟು ಬರಬೇಕು, ಈ ವರ್ಷ ಅಲ್ಲಿ ಕೂತಿರುವ ಒಕ್ಕಲು ಯಾರು, ಇಷ್ಟೇ ಬೇಕಿತ್ತು. ಆದ್ದರಿಂದ ಹೆಸರು ಹಿಡಿದು ಹೊರಟವರು ಎರಡನೇ ಪಟ್ಟಿಯಲ್ಲೇ ದಾರಿ ತಪ್ಪುತ್ತಾರೆ. 1647ರ ಪಟ್ಟಿಯ ಒಂದೇ ಪುಟದಲ್ಲಿ ಓಲೆ (Ole) ಎಂಬ ಹೆಸರಿನವರು ಏಳೆಂಟು ಮಂದಿ ಇರಬಹುದು, ಹಲವರಿಗೆ ತಂದೆಯ ಹೆಸರೂ ಇರುವುದಿಲ್ಲ. ಜಮೀನು ಹಾಗಲ್ಲ. ಅದು ಅಲ್ಲೇ ಇರುತ್ತದೆ, ಅದರ ಮೇಲಿನ ಗೇಣಿಯ ಲೆಕ್ಕ ಇನ್ನೂರು ವರ್ಷ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಜಮೀನನ್ನೂ ಆ ಲೆಕ್ಕವನ್ನೂ ಹಿಡಿದುಕೊಂಡೇ ಹಿಂದೆ ಹೋಗಬೇಕು.

ಮೊದಲು ನಂಬರ್

ಕುಟುಂಬದ ಜಮೀನಿನ ಹೆಸರು ಗೊತ್ತಿದ್ದರೆ ಸಾಲದು. ಹೌಗೆನ್, ಬಾಕ್ಕೆ, ಲೀ, ವೀಕ್ ಇಂಥ ಹೆಸರಿನ ಜಮೀನುಗಳು ದೇಶದ ತುಂಬ ಇವೆ, ಒಂದೇ ಪ್ಯಾರಿಷ್‌ನಲ್ಲಿ ಎರಡು ಮೂರು ಇದ್ದರೂ ಆಶ್ಚರ್ಯವಿಲ್ಲ. ಬೇಕಾಗಿರುವುದು ನಂಬರ್, ಮತ್ತು ಅದು ಯಾವ ಕಾಲದ ನಂಬರ್ ಅನ್ನುವುದು.

ಜಮೀನುಗಳ ಕಂದಾಯ ನೋಂದಣಿಗೆ ಅಲ್ಲಿ ಮಾತ್ರಿಕ್ಕೆಲ್ ಅನ್ನುತ್ತಾರೆ. 1886ರ ಮಾತ್ರಿಕ್ಕೆಲ್ ಪ್ರತಿ ಜಮೀನಿಗೆ ಎರಡು ನಂಬರ್ ಕೊಟ್ಟಿತು: ಮೂಲ ಜಮೀನಿಗೆ ಗೋರ್ಸ್‌ನುಮ್ಮೆರ್, ಅದರಿಂದ ಒಡೆದ ಒಂದೊಂದು ತುಂಡಿಗೆ ಬ್ರೂಕ್ಸ್‌ನುಮ್ಮೆರ್. ನಮ್ಮ ಪಹಣಿಯ ಸರ್ವೆ ನಂಬರ್ ಮತ್ತು ಹಿಸ್ಸಾ ನಂಬರ್ ಇದ್ದ ಹಾಗೆಯೇ. 1900 ಮತ್ತು 1910ರ ಜನಗಣತಿಯ ಸಾಲುಗಳಲ್ಲಿ ಈ ಜೋಡಿ ಸಿಗುತ್ತದೆ. 1865 ಮತ್ತು 1875ರ ಗಣತಿಯಲ್ಲಿ ಇರುವುದು ಬೇರೆಯದೇ ಜೋಡಿ, 1838ರ ಮಾತ್ರಿಕ್ಕೆಲ್‌ನದು: ಜಮೀನಿಗೆ ಮಾತ್ರಿಕ್ಕೆಲ್ ನಂಬರ್, ಒಂದೊಂದು ತುಂಡಿಗೆ ಲೋಪೆನುಮ್ಮೆರ್ ಎಂಬ ಸರಣಿ ನಂಬರ್. ಆಮೇಲೆ ತುಂಡು ಮತ್ತೆ ಒಡೆದರೆ ಸರಣಿ ನಂಬರ್‌ನ ಪಕ್ಕ ಒಂದು ಅಕ್ಷರ ಸೇರುತ್ತದೆ.

1886ರ ಅಚ್ಚಾದ ಪಟ್ಟಿಯಲ್ಲಿ ಹೊಸ ನಂಬರ್ ಜೊತೆಗೆ 1838ರದ್ದೂ ಇದೆ. 1838ರ ಅಚ್ಚಾದ ಪಟ್ಟಿಯಲ್ಲಿ ಅದಕ್ಕೂ ಹಿಂದಿನ ನಂಬರ್ ಇದೆ, ಹಳೆಯ ಗೇಣಿ ಲೆಕ್ಕವೂ ಇದೆ. ಅಂದರೆ ಎರಡು ಅಚ್ಚು ಪುಸ್ತಕ ತೆರೆದರೆ 1900ರ ಜನಗಣತಿಯಿಂದ 1723ರ ಕೈಬರಹದ ಪುಸ್ತಕದವರೆಗೆ ಸೇತುವೆ ಸಿದ್ಧ. ಈ ಕೆಲಸ ಮಾಡದೆ ನೇರವಾಗಿ 1600ರ ದಶಕಗಳ ಪಟ್ಟಿಗೆ ಹಾರುವುದು ಬೇಡ.

ಒಂದು ಎಚ್ಚರಿಕೆ. ಇವತ್ತಿನ ನಕ್ಷೆಯಲ್ಲಿ ಕಾಣುವ ನಂಬರ್‌ಗಳನ್ನು ನಂಬಬೇಡಿ. 2020ರಲ್ಲಿ ಮುನಿಸಿಪಾಲಿಟಿಗಳು ಒಂದಾದಾಗ ಹಲವೆಡೆ ಗೋರ್ಸ್‌ನುಮ್ಮೆರ್ ಬದಲಾಗಿದೆ. ನಕ್ಷೆ ಜಾಗ ತೋರಿಸಲಿ, ನಂಬರನ್ನು 1886ರ ಪಟ್ಟಿಯಿಂದ ತೆಗೆದುಕೊಳ್ಳಿ.

ಓಲುಫ್ ರುಯ್ ಅವರ ‘ನೋರ್ಸ್ಕೆ ಗೋರ್ಡ್‌ನಾವ್ನೆ’ ಎಂಬ ಜಮೀನು ಹೆಸರುಗಳ ಕೋಶ ಈ ಹಂತದಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. 1897ರಿಂದ ಸಂಪುಟಗಳಾಗಿ ಬಂದದ್ದು, ಈಗ ಇಂಟರ್ನೆಟ್ಟಿನಲ್ಲೂ ಹುಡುಕಬಹುದು. ಜಮೀನುಗಳು ಅದರಲ್ಲಿ 1886ರ ನಂಬರ್ ಪ್ರಕಾರ ಇವೆ, ಪ್ರತಿ ಹೆಸರಿನ ಮುಂದೆ ಯಾವ ವರ್ಷದ ಪಟ್ಟಿಯಲ್ಲಿ ಹೇಗೆ ಬರೆದಿದ್ದರು ಎಂಬುದು ಇದೆ. ‘ಲೀ’ ಎಂಬುದನ್ನು ಒಬ್ಬ ಗುಮಾಸ್ತ ಎರಡಕ್ಷರದಲ್ಲಿ, ಇನ್ನೊಬ್ಬ ನಾಲ್ಕಕ್ಷರದಲ್ಲಿ ಬರೆದಿರುತ್ತಾನೆ. ಕೈಬರಹದ ಪುಟ ತೆರೆಯುವ ಮೊದಲೇ ಆ ರೂಪಗಳನ್ನು ಪಕ್ಕದಲ್ಲಿ ಬರೆದಿಟ್ಟುಕೊಂಡರೆ ಅರ್ಧ ಓದಿದಂತೆಯೇ.

ಗೇಣಿಯ ಲೆಕ್ಕ

ಪಟ್ಟಿಗಳ ನಡುವೆ ಬರುವ ಮುಖ್ಯ ಅಂಕಿ ಲಾಂಡ್‌ಶುಲ್, ಅಂದರೆ ಜಮೀನಿನ ಗೇಣಿ. ಮೂಲದಲ್ಲಿ ಒಕ್ಕಲು ಒಡೆಯನಿಗೆ ವರ್ಷಕ್ಕೆ ಕೊಡಬೇಕಾದ ಸರಕು ಇದು. ಆಮೇಲೆ ಜಮೀನಿನ ಬೆಲೆ ಅಳೆಯುವ, ಪಾಲು ಹಂಚುವ, ತೆರಿಗೆ ಹಾಕುವ ಮಾನದಂಡವೇ ಆಯಿತು. ಸ್ವಂತ ಜಮೀನು ಉಳುವವನಿಗೂ ಲಾಂಡ್‌ಶುಲ್ ಇರುತ್ತದೆ, ಅವನು ಯಾರಿಗೂ ಗೇಣಿ ಕೊಡದಿದ್ದರೂ.

ಸರಕು ಊರೂರಿಗೆ ಬೇರೆ. ಪಶ್ಚಿಮ ಕರಾವಳಿಯಲ್ಲಿ ಬೆಣ್ಣೆ: 1 ಲೌಪ್ ಅಂದರೆ 3 ಪುನ್, 1 ಪುನ್ ಅಂದರೆ 24 ಮೆರ್ಕರ್, ಹೀಗೆ ಲೌಪ್‌ಗೆ 72 ಮೆರ್ಕರ್. ಮೀನಿನ ಸೀಮೆಯಲ್ಲಿ ವೋಗ್: ಅದೂ 3 ಪುನ್, 72 ಮೆರ್ಕರ್. ನಡು ನಾರ್ವೆಯ ತ್ರೋಂಡೆಲಾಗ್ ಕಡೆ 1 ಸ್ಪಾನ್ ಅಂದರೆ 3 ಓರೆ, 72 ಮಾರ್ಕ್‌ಲಾಗ್. ಪೂರ್ವದ ಧಾನ್ಯದ ಸೀಮೆಯಲ್ಲಿ ಶಿಪ್ಪುನ್ ಮತ್ತು ಲಿಸ್ಪುನ್, 20 ಲಿಸ್ಪುನ್‌ಗೆ ಒಂದು ಶಿಪ್ಪುನ್. ತೊಗಲಿನ ಲೆಕ್ಕವಿದ್ದಲ್ಲಿ 1 ಹೂದ್, ಅಂದರೆ ಒಂದು ದನದ ತೊಗಲು, ಸಾಮಾನ್ಯವಾಗಿ 12 ಕರುವಿನ ತೊಗಲಿಗೆ ಸಮ.

ಇದನ್ನೆಲ್ಲ ಕಿಲೋಗ್ರಾಂಗೆ ಇಳಿಸಲು ಹೋಗುವವರಿದ್ದಾರೆ. ಅದರಿಂದ ಏನೂ ದಕ್ಕುವುದಿಲ್ಲ. 1600ರ ಹೊತ್ತಿಗಾಗಲೇ ಇದು ಹೆಚ್ಚಾಗಿ ಹೆಸರಿಗಷ್ಟೇ ಉಳಿದ ಅಳತೆ. ಮಾಡಬೇಕಾದ್ದು ಇಷ್ಟೇ: ಆ ಊರಿನ ಅತಿ ಚಿಕ್ಕ ಘಟಕಕ್ಕೆ ಇಳಿಸಿ, ಪೂರ್ಣಾಂಕದಲ್ಲಿ ಕೂಡಿ. ಎರಡು ಬೇರೆ ಸರಕು ಸೇರಿದ್ದರೆ, ಬೆಣ್ಣೆಯ ಜೊತೆ ತೊಗಲು ಅಂತಿಟ್ಟುಕೊಳ್ಳಿ, ಎರಡನ್ನೂ ಬೇರೆ ಬೇರೆ ಅಂಕಣದಲ್ಲೇ ಇಡಿ. ಅವುಗಳ ವಿನಿಮಯ ದರ ಜಿಲ್ಲೆಯಿಂದ ಜಿಲ್ಲೆಗೆ ಬದಲಾಗುತ್ತಿತ್ತು, ಪಕ್ಕದ ಕಣಿವೆಯ ದರ ತಂದು ಹಾಕಿದರೆ ಲೆಕ್ಕ ಕೆಡುತ್ತದೆ.

ಇದರಿಂದ ಏನು ಪ್ರಯೋಜನ ಅಂತ ಒಂದು ಕಲ್ಪಿತ ಜಮೀನು ಇಟ್ಟುಕೊಂಡು ನೋಡೋಣ. ಪಶ್ಚಿಮದ ಕಡೆಯದು, ಒಟ್ಟು ಲಾಂಡ್‌ಶುಲ್ 1 ಲೌಪ್ 1 ಪುನ್ 12 ಮೆರ್ಕರ್ ಬೆಣ್ಣೆ. ಅಂದರೆ 72, 24, 12 ಸೇರಿ 108. ಒಕ್ಕಲು ಮೂರು: ಓಲೆ 2 ಪುನ್ 6 ಮೆರ್ಕರ್, ಅಂದರೆ 54, ಲಾರ್ಸ್ 1 ಪುನ್ 3 ಮೆರ್ಕರ್, ಅಂದರೆ 27, ಹೆಸರಿಲ್ಲದ ಒಬ್ಬ ವಿಧವೆ, ಅವಳದ್ದೂ 27. ಕೂಡಿದರೆ 108, ಸರಿಹೋಯಿತು, ಅಂದರೆ ಓದಿದ್ದು ಸರಿ. ಇಪ್ಪತ್ತು ವರ್ಷ ಬಿಟ್ಟು ಬಂದ ಪಟ್ಟಿಯಲ್ಲಿ ಇಬ್ಬರೇ: ನಿಲ್ಸ್ 54, ಲಾರ್ಸ್ 54. ನಿಲ್ಸ್ ಕೂತಿರುವುದು ಓಲೆಯ ಪಾಲಿನಲ್ಲಿ, ವಿಧವೆಯ ಪಾಲು ಲಾರ್ಸನಿಗೆ ಸೇರಿದೆ. ಹೆಸರಷ್ಟೇ ನೋಡಿದ್ದರೆ ನಿಲ್ಸನನ್ನು ಲಾರ್ಸನ ಮಗ ಅಂತಲೋ ವಿಧವೆಯ ಮಗ ಅಂತಲೋ ಅಂದಾಜು ಕಟ್ಟಿ ಕೂರುತ್ತಿದ್ದೆವು. ಈಗ ಹುಡುಕಬೇಕಾದ ಪ್ರಶ್ನೆ ಖಚಿತವಾಯಿತು: ನಿಲ್ಸ್ ಓಲೆಯ ಮಗನೋ, ಅಳಿಯನೋ, ಹೊರಗಿನವನೋ? ಮತ್ತು ಲಾರ್ಸ್ ಆ ವಿಧವೆಯನ್ನು ಮದುವೆಯಾದನೋ, ಅವಳು ತೀರಿಕೊಂಡ ಮೇಲೆ ಗೇಣಿ ಪಡೆದನೋ?

ಈ ಕೂಡುವ ಲೆಕ್ಕವನ್ನು ಒಡೆಯರ ಕಡೆಯಿಂದಲೂ ಮಾಡಬೇಕು. ಲಾಂಡ್‌ಶುಲ್‌ನ ಪಾಲುಗಳು ಆಸ್ತಿಯ ಹಾಗೆ ಮಾರಾಟವಾಗುತ್ತಿದ್ದವು, ಪಿತ್ರಾರ್ಜಿತವಾಗಿ ಒಡೆಯುತ್ತಿದ್ದವು. ಒಂದೇ ಜಮೀನಿನಲ್ಲಿ ದೊರೆಗೆ ಒಂದಿಷ್ಟು, ಚರ್ಚಿಗೆ ಒಂದಿಷ್ಟು, ಪಟ್ಟಣದ ವ್ಯಾಪಾರಿಗೆ ಒಂದಿಷ್ಟು, ಮೂರು ಕಣಿವೆ ಆಚೆಯ ರೈತನಿಗೆ ಒಂದಿಷ್ಟು ಪಾಲಿರುವುದು ಸಾಮಾನ್ಯ. ಒಕ್ಕಲುಗಳ ಪಾಲಿನ ಮೊತ್ತ, ಒಡೆಯರ ಪಾಲಿನ ಮೊತ್ತ, ಜಮೀನಿನ ಒಟ್ಟು, ಮೂರೂ ಒಂದೇ ಆಗಬೇಕು. ಆಗದಿದ್ದರೆ ಒಂದು ಸಾಲು ಬಿಟ್ಟುಹೋಗಿದೆ ಅಥವಾ ಒಂದು ಅಂಕಿ ತಪ್ಪು ಓದಿದ್ದೀರಿ. ಒಕ್ಕಲನ್ನು ಇಡುವ ಹಕ್ಕು, ಅಂದರೆ ಬಿಕ್ಸೆಲ್, ಸಾಮಾನ್ಯವಾಗಿ ಇವರಲ್ಲಿ ದೊಡ್ಡ ಪಾಲಿನವನದ್ದು.

ಒಡೆಯರ ಪಾಲುಗಳಲ್ಲಿ ಇನ್ನೂ ಒಂದು ಸುಳಿವು ಅಡಗಿದೆ, ಬಹಳ ಜನ ಗಮನಿಸುವುದಿಲ್ಲ. ನಾರ್ವೆಯಲ್ಲಿ 1854ರವರೆಗೆ ಪಿತ್ರಾರ್ಜಿತದಲ್ಲಿ ಅಣ್ಣತಮ್ಮಂದಿರಿಗೆ ಅಕ್ಕತಂಗಿಯರ ಎರಡರಷ್ಟು ಪಾಲು. ಹಾಗಾಗಿ ಒಂದೇ ಜಮೀನಿನ ರೈತ ಒಡೆಯರ ಪಾಲು 24, 24, 12 ಮೆರ್ಕರ್ ಅಂತ ಇದ್ದರೆ ಇಬ್ಬರು ಸೋದರರು, ಒಬ್ಬ ಸೋದರಿ ಅಂತ ಅನುಮಾನಿಸಬಹುದು. ಸೋದರಿಯ ಹೆಸರು ಬರುವುದು ಅಪರೂಪ, ಅವಳ ಗಂಡನ ಹೆಸರು ಇರುತ್ತದೆ. ತಂದೆಯ ಹೆಸರು ಬೇರೆಯಾದ ಒಬ್ಬ ಗಂಡಸು ಅರ್ಧ ಪಾಲು ಹಿಡಿದು ಕೂತಿದ್ದರೆ ಅವನು ಅಳಿಯ ಇರಬಹುದು. ಇದು ಅನುಮಾನ ಅಷ್ಟೇ, ಪುರಾವೆ ಬೇರೆ ಬೇಕು. ಆದರೆ ಎಲ್ಲಿ ಹುಡುಕಬೇಕು ಅನ್ನುವುದನ್ನು ಇದು ಹೇಳುತ್ತದೆ.

ಯಾವ ಪಟ್ಟಿ ಯಾವುದಕ್ಕೆ

1647ರ ಕಂದಾಯ ಮಾತ್ರಿಕ್ಕೆಲ್‌ನಲ್ಲಿ ಜಮೀನು, ಒಕ್ಕಲು, ಒಡೆಯರು, ಲಾಂಡ್‌ಶುಲ್, ದರ್ಜೆ ಎಲ್ಲ ಇವೆ. ಇದು ಅಚ್ಚಿನಲ್ಲೂ ಬಂದಿದೆ, ಆದ್ದರಿಂದ ಹೊಸಬರಿಗೆ ಒಳ್ಳೆಯ ಮೊದಲ ಮೆಟ್ಟಿಲು. ದರ್ಜೆ ಮೂರು: ಫುಲ್‌ಗೋರ್ ಪೂರ್ತಿ, ಹಾಲ್‌ಗೋರ್ ಅರ್ಧ, ಓಡೆಗೋರ್ ಕಾಲು. ತೆರಿಗೆಯೂ ಅದೇ ಪ್ರಮಾಣದಲ್ಲಿ, 4, 2, 1. ಓಡೆಗೋರ್ ಅಂತ ಕಂಡ ಕೂಡಲೇ ಪಾಳುಬಿದ್ದ ಜಮೀನು ಅಂತ ಬರೆದುಕೊಳ್ಳುವುದು ಬಹಳ ಸಾಮಾನ್ಯವಾದ ತಪ್ಪು. 1349ರ ಪ್ಲೇಗಿನ ಆಮೇಲೆ ಪಾಳುಬಿದ್ದು ಮತ್ತೆ ಸಾಗುವಳಿಗೆ ಬಂದ ಜಮೀನುಗಳಿಂದ ಆ ಹೆಸರು ಬಂತು, ನಿಜ. ಆದರೆ 1600ರ ದಶಕಗಳಲ್ಲಿ ಅದು ಬರೀ ತೆರಿಗೆಯ ದರ್ಜೆ. ಅಲ್ಲಿ ಜನ ತುಂಬಿಕೊಂಡಿದ್ದರು. ಆ ವರ್ಷ ನಿಜಕ್ಕೂ ಒಕ್ಕಲಿಲ್ಲದಿದ್ದರೆ ಷರಾದಲ್ಲಿ ಬೇರೆಯಾಗಿ ಬರೆದಿರುತ್ತಾರೆ.

1665ರಿಂದ ಸಮಿತಿಯೊಂದು ಜಿಲ್ಲೆ ಜಿಲ್ಲೆ ಸುತ್ತಿ ಹೊಸ ಮಾತ್ರಿಕ್ಕೆಲ್ ಮಾಡಿತು. ಬಿತ್ತನೆ, ಜಾನುವಾರು, ಕಾಡು, ನೀರಿನ ಗಿರಣಿ, ಬಿಯರಿಗೆ ಹಾಕುವ ಹಾಪ್ಸ್ ತೋಟ ಇದೆಯೇ ಇಲ್ಲವೇ ಅನ್ನುವುದನ್ನೂ ಕೇಳಿದರು. ಲಾಂಡ್‌ಶುಲ್ ಜಾಸ್ತಿ ಅಥವಾ ಕಮ್ಮಿ ಅನ್ನಿಸಿದಲ್ಲಿ ತಿದ್ದಿದರು. ಹಾಗಾಗಿ 1647ಕ್ಕೂ ಇದಕ್ಕೂ ಅಂಕಿ ಹೊಂದದಿದ್ದರೆ ಗಾಬರಿ ಬೇಡ, ಮೊದಲು ನೋಡಬೇಕಾದ್ದು ಈ ತಿದ್ದುಪಡಿ.

ಅದೇ ಹೊತ್ತಿಗೆ, 1663ರಿಂದ 1666ರೊಳಗೆ, ಗಂಡಸರ ತಲೆಪಟ್ಟಿಯೊಂದು ತಯಾರಾಯಿತು. 12 ವರ್ಷ ದಾಟಿದ ಗಂಡಸರು, ಹುಡುಗರು, ವಯಸ್ಸಿನ ಸಮೇತ. ಇದೂ ಮಾತ್ರಿಕ್ಕೆಲೂ ಸೇರಿದರೆ ಒಂದೇ ಜಮೀನಿನ ಒಕ್ಕಲು, ಅವನ ಮಕ್ಕಳು, ಆಳುಗಳು, ಅವನ ಪಾಲಿನ ಅಳತೆ ಎಲ್ಲ ಒಟ್ಟಿಗೆ ಕೈಗೆ ಬರುತ್ತದೆ. ಪಾದ್ರಿ ಬರೆದ ಪ್ರತಿ ಬೇರೆ, ಕಂದಾಯ ಅಧಿಕಾರಿ ಫೋಗ್ಡ್ ಬರೆದ ಪ್ರತಿ ಬೇರೆ. ಎರಡೂ ಉಳಿದಿದ್ದರೆ ಎರಡನ್ನೂ ನೋಡಲೇಬೇಕು, ವಯಸ್ಸುಗಳು ಹೊಂದುವುದಿಲ್ಲ. 40, 50, 60 ಅನ್ನುವ ದುಂಡು ಅಂಕಿಗಳನ್ನು ಹತ್ತು ವರ್ಷ ಆಚೀಚೆ ಇಟ್ಟುಕೊಳ್ಳಿ. 1701ರಲ್ಲಿ ಮತ್ತೊಂದು ತಲೆಪಟ್ಟಿ ಬಂತು, ಗಂಡು ಕೂಸುಗಳನ್ನೂ ಸೇರಿಸಿಕೊಂಡು. ಪೂರ್ವ ನಾರ್ವೆಯ ಬಹುಭಾಗದ್ದು ಕಳೆದುಹೋಗಿದೆ, ಅಲ್ಲಿ ಸಿಗದಿದ್ದರೆ ನಿಮ್ಮ ಹುಡುಕಾಟದ ದೋಷವಲ್ಲ.

1723ರದ್ದು ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಶ್ರೀಮಂತ ದಾಖಲೆ. ತಮಾಷೆಯೆಂದರೆ ಈ ಮಾತ್ರಿಕ್ಕೆಲ್ ಜಾರಿಗೆ ಬರಲೇ ಇಲ್ಲ, ಹಳೆಯ 1665ರದ್ದೇ 1838ರವರೆಗೆ ನಡೆಯಿತು. ಜಾರಿಯಾಗದ ಆ ಪುಸ್ತಕದಲ್ಲಿ ಒಂದೊಂದು ಜಮೀನಿನ ಸಾಲನ್ನು ಎಡದಿಂದ ಬಲಕ್ಕೆ ಓದಿದರೆ ಹೀಗೆ: ನಂಬರ್, ಹೆಸರು, ಒಡೆಯ, ಬಿಕ್ಸೆಲ್ ಯಾರದ್ದು, ಒಕ್ಕಲು ಎಷ್ಟು, ಅವರ ಕೈಕೆಳಗೆ, ಅವರದೇ ಜಮೀನಿನಲ್ಲಿ ಗುಡಿಸಲು ಹಾಕಿಕೊಂಡ, ಹೂಸ್‌ಮಾನ್ ಎಷ್ಟು. ಕಾಡು ಮನೆಬಳಕೆಗೆ ಸಾಕೋ ಇಲ್ಲವೋ. ಬೇಸಿಗೆಯ ಬೆಟ್ಟದ ಹುಲ್ಲುಗಾವಲು, ಗಿರಣಿ, ಮೀನುಗಾರಿಕೆ. ನೆಲ ಬಿಸಿಲಿಗೆ ಮುಖ ಮಾಡಿದೆಯೋ, ಬೆಟ್ಟದ ನೆರಳಿನ ಬದಿಗೋ. ಗೇಯಲು ಸುಲಭವೋ ಕಷ್ಟವೋ. ಬಿತ್ತನೆ ಎಷ್ಟು ತೊನ್ನೆ (ಪೀಪಾಯಿ ಅಳತೆ), ಹುಲ್ಲು ಎಷ್ಟು ಹೊರೆ, ಕುದುರೆ, ದನ, ಕುರಿ, ಆಡು ಎಷ್ಟು. ಕೊನೆಗೆ ಹಳೆಯ ತೆರಿಗೆ ಮೌಲ್ಯ, ಏರಿಸಿದ್ದು ಅಥವಾ ಇಳಿಸಿದ್ದು, ಹೊಸದು. ಒಕ್ಕಲುಗಳ ಹೆಸರು ಬೇಕಾದರೆ ಇದರ ಜೊತೆಗಿರುವ ವಿಚಾರಣೆಯ ಪುಸ್ತಕವನ್ನೂ ತೆರೆಯಿರಿ. ಮುಖ್ಯ ಪುಸ್ತಕ ಒಂದನ್ನೇ ನೋಡಿ ಹೆಸರಿಲ್ಲ ಅಂತ ಮುಚ್ಚಿಬಿಡುವವರು ಬಹಳ.

ಹೆಂಗಸರು, ಆಳುಗಳು ಬೇಕೆಂದರೆ ತಲೆಗಂದಾಯದ ಪಟ್ಟಿ. 1645ರದ್ದು 15 ವರ್ಷ ದಾಟಿದವರ ಮೇಲೆ ಹಾಕಿದ್ದು, ಕೆಲವು ಕಡೆಯದ್ದಷ್ಟೇ ಉಳಿದಿದೆ, ಹೆಂಡತಿಯರು ಹೆಚ್ಚಾಗಿ ‘ಅವನ ಹೆಂಗಸು’ ಅಷ್ಟೇ. 1657ರ ಜಾನುವಾರು ತೆರಿಗೆಯಲ್ಲಿ ಒಕ್ಕಲಿನ ಹೆಸರು, ಅವನ ಕುದುರೆ, ದನ, ಆಡು, ಕುರಿಗಳ ಎಣಿಕೆ ಇದೆ. 1711ರ ಬೂಟಿನ ತೆರಿಗೆ ಅನ್ನುವುದೂ ಒಂದಿದೆ, ಯುದ್ಧದ ಖರ್ಚಿಗೆ ದೊರೆ ಏನೇನಕ್ಕೆ ಕೈಹಾಕಿದ ಅನ್ನುವುದಕ್ಕೆ ಸಾಕ್ಷಿ. ಇವೆಲ್ಲಕ್ಕಿಂತ ಕೆಲಸಕ್ಕೆ ಬರುವುದು, ಆದರೆ ಜನ ಕಡೆಗಣಿಸುವುದು, 1762ರ ಹೆಚ್ಚುವರಿ ತೆರಿಗೆ. 12 ವರ್ಷ ದಾಟಿದ ಪ್ರತಿಯೊಬ್ಬರ ತಲೆಯ ಮೇಲೆ ತಿಂಗಳಿಗೆ 8 ಶಿಲ್ಲಿಂಗ್, ವರ್ಷಕ್ಕೆ 96, ಅಂದರೆ ಸರಿಯಾಗಿ ಒಂದು ರಿಕ್ಸ್‌ಡಾಲರ್. ಬಡ ಮೀನುಗಾರ ಕುಟುಂಬಕ್ಕೂ ಇದೇ ದರ. 1765ರ ಏಪ್ರಿಲ್ 18ರಂದು ಸುತ್ತಲ ಕರಾವಳಿಯ ರೈತರು ಬೆರ್ಗೆನ್ ಪಟ್ಟಣಕ್ಕೆ ನುಗ್ಗಿದ್ದು ಇದರ ವಿರುದ್ಧವೇ. ತೆರಿಗೆ 1772ರವರೆಗೆ ನಡೆಯಿತು. ವಂಶ ಹುಡುಕುವವರಿಗೆ ಇದು ವರ: ಜಮೀನು ಜಮೀನಿನ ಪ್ರಕಾರ ಗಂಡ, ಹೆಂಡತಿ, ಬೆಳೆದ ಮಕ್ಕಳು, ಆಳುಗಳು, ಹೂಸ್‌ಮಾನ್ ಕುಟುಂಬ ಎಲ್ಲ ಬರುತ್ತಾರೆ. 1801ರ ಗಣತಿಗೆ ನಾಲ್ಕು ದಶಕ ಮುಂಚಿನ ಅರೆ ಜನಗಣತಿಯೇ ಇದು. ಹಲವೆಡೆ ಮೊದಲ ವರ್ಷಗಳಲ್ಲಿ ಮಾತ್ರ ಹೆಸರು ಬರೆದು ಆಮೇಲೆ ಬರೀ ಸಂಖ್ಯೆ ಹಾಕಿದ್ದಾರೆ, ಆದ್ದರಿಂದ 1762 ಮತ್ತು 1763ನ್ನು ಮೊದಲು ನೋಡಿ.

ಯಾರು ಇರುವುದಿಲ್ಲ

ಮಾತ್ರಿಕ್ಕೆಲ್‌ನಲ್ಲಿ ಹೆಸರಿಲ್ಲ ಅಂದರೆ ಆ ಮನುಷ್ಯ ಆ ಊರಲ್ಲಿ ಇರಲಿಲ್ಲ ಅಂತಲ್ಲ. ಹೂಸ್‌ಮಾನ್ ಅಂದರೆ ಇನ್ನೊಬ್ಬರ ಜಮೀನಿನ ಅಂಚಿನಲ್ಲಿ ಗುಡಿಸಲು ಹಾಕಿಕೊಂಡು, ಅದಕ್ಕೆ ಪ್ರತಿಯಾಗಿ ದುಡಿದುಕೊಡುತ್ತಿದ್ದ ಒಕ್ಕಲು. ಅವನ ತುಂಡಿಗೆ ಲಾಂಡ್‌ಶುಲ್ ಇಲ್ಲ, ಹಾಗಾಗಿ ಮಾತ್ರಿಕ್ಕೆಲ್‌ನಲ್ಲಿ ಸಾಲೂ ಇಲ್ಲ. 1723ರಲ್ಲಿ ಅವರು ಬರೀ ಎಣಿಕೆ. ಅಮೆರಿಕಕ್ಕೆ ಹೋದವರಲ್ಲಿ ಹೂಸ್‌ಮಾನ್ ಮನೆಯವರು ಬಹಳ ಇದ್ದದ್ದರಿಂದ ಇದು ಸಣ್ಣ ಸಮಸ್ಯೆಯಲ್ಲ. ಅವರಿಗೆ ತಲೆಪಟ್ಟಿ ಮತ್ತು 1762ರ ತೆರಿಗೆಯೇ ಗತಿ. ಶ್ರೀಮಂತ ವರ್ಗದವರ ಸ್ವಂತ ವಾಸದ ಜಮೀನಿಗೆ ತೆರಿಗೆ ಮಾಫಿ, ಅದೂ ಮಾಮೂಲಿ ಪಟ್ಟಿಯಲ್ಲಿ ಸಿಗದಿರಬಹುದು.

ಜಮೀನಿನ ಹೆಸರು ಮನುಷ್ಯನ ಹೆಸರಿಗೆ ಅಂಟಿಕೊಂಡಿದ್ದರೂ ಅದು ಮನೆತನದ ಹೆಸರಲ್ಲ, ವಿಳಾಸ. ಓಲೆ ಲಾರ್ಸೆನ್ ಹೌಗೆನ್ ಅಂದರೆ ಲಾರ್ಸನ ಮಗ ಓಲೆ, ಈಗ ಹೌಗೆನ್ ಜಮೀನಿನಲ್ಲಿದ್ದಾನೆ. ಮದುವೆಯಾಗಿ ಹೆಂಡತಿಯ ಬಾಕ್ಕೆ ಜಮೀನಿಗೆ ಹೋದರೆ ಅವನೇ ಓಲೆ ಲಾರ್ಸೆನ್ ಬಾಕ್ಕೆ. ಎಲ್ಲರಿಗೂ ಕಾಯಂ ಮನೆತನದ ಹೆಸರು ಬೇಕೆಂದು ಕಾನೂನು ಬಂದದ್ದು 1923ರಲ್ಲಿ. ಹೌಗೆನ್‌ನಲ್ಲಿ ನೂರು ವರ್ಷ ಹೌಗೆನ್ ಹೆಸರಿನವರೇ ಕೂತಿದ್ದರು ಅನ್ನುವುದರಿಂದ ಒಂದೇ ವಂಶ ಅಂತ ಸಾಬೀತಾಗುವುದಿಲ್ಲ.

ಕೈಬರಹ ಮತ್ತು ಅಂಕಿ

ಭಾಷೆ ಡ್ಯಾನಿಶ್, ಅಕ್ಷರ ಗೋಥಿಕ್ ಕೂಡುಬರಹ. ‘e’ ಮತ್ತು ‘n’ ಒಂದೇ ಥರ ಕಾಣುತ್ತವೆ, ‘u’ ಮೇಲೆ ಸಣ್ಣ ಬಿಲ್ಲು ಇರುತ್ತದೆ, ಅದನ್ನು ಹಿಡಿದೇ ಪತ್ತೆ ಹಚ್ಚಬೇಕು. ಅಕ್ಷರಮಾಲೆ ಕಲಿಯುತ್ತ ಕೂರುವುದಕ್ಕಿಂತ ಅದೇ ಪುಟದ ಗೊತ್ತಿರುವ ಜಮೀನುಗಳ ಹೆಸರನ್ನು ಮೊದಲು ಗುರುತಿಸಿ, ಆ ಗುಮಾಸ್ತನ ಕೈ ಹೇಗಿದೆ ನೋಡಿಕೊಳ್ಳುವುದು ಒಳ್ಳೆಯದು. ಪಟ್ಟಿಗಳು ಸಾಮಾನ್ಯವಾಗಿ ಊರು ಸುತ್ತಿದ ಕ್ರಮದಲ್ಲೇ ಇರುತ್ತವೆ. ನಿಮ್ಮ ಜಮೀನಿನ ಮೇಲಿನ ಎರಡು, ಕೆಳಗಿನ ಎರಡು ಜಮೀನುಗಳ ಹೆಸರು ಗೊತ್ತಿದ್ದರೆ ಓದಲಾಗದ ಸಾಲೂ ಯಾವುದೆಂದು ತಿಳಿಯುತ್ತದೆ, ಒಂದೇ ಹೆಸರಿನ ಎರಡು ಜಮೀನುಗಳೂ ಬೇರೆಯಾಗುತ್ತವೆ.

ಅರ್ಧದ ಲೆಕ್ಕ ಮೋಸ ಮಾಡುತ್ತದೆ. ಡ್ಯಾನಿಶ್ ಪದ್ಧತಿಯಲ್ಲಿ ‘ಅರ್ಧ ಎರಡನೆಯದು’ ಅಂದರೆ ಒಂದೂವರೆ, ‘ಅರ್ಧ ನಾಲ್ಕನೆಯದು’ ಅಂದರೆ ಮೂರೂವರೆ. ರೋಮನ್ ಅಂಕಿಯಲ್ಲೂ ಹಾಗೆಯೇ: ಕೊನೆಯ ಗೆರೆಯ ಮೇಲೆ ಅಡ್ಡ ಕಡಿತ ಇದ್ದರೆ ಅರ್ಧ ಕಳೆಯಬೇಕು, ಮೂರು ಗೆರೆಯಲ್ಲಿ ಕೊನೆಯದಕ್ಕೆ ಕಡಿತವಿದ್ದರೆ ಎರಡೂವರೆ. ಕಡಿತವನ್ನು ಶಾಯಿಯ ಕಲೆ ಅಂದುಕೊಂಡರೆ ಮೊತ್ತ ಸರಿಹೋಗದೆ ತಲೆ ಕೆಡುತ್ತದೆ.

ಹಣದ ಅಂಕಣ ಮೂರು. 1 ರಿಕ್ಸ್‌ಡಾಲರ್ ಅಂದರೆ 4 ಓರ್ಟ್ ಅಥವಾ 6 ಮಾರ್ಕ್, ಎರಡು ಬಗೆಯಲ್ಲೂ 96 ಶಿಲ್ಲಿಂಗ್. ಮಧ್ಯದ ಅಂಕಣ ಓರ್ಟೋ ಮಾರ್ಕೋ ಅನ್ನುವುದು ಮುಖ್ಯ, 3–2–12 ಎಂಬುದು ಓರ್ಟ್ ಲೆಕ್ಕದಲ್ಲಿ 348 ಶಿಲ್ಲಿಂಗ್, ಮಾರ್ಕ್ ಲೆಕ್ಕದಲ್ಲಿ 332. ಪುಟದಲ್ಲಿ ಎಲ್ಲಾದರೂ ಮಧ್ಯದಲ್ಲಿ 4 ಅಥವಾ 5 ಬಂದರೆ ಅದು ಮಾರ್ಕ್. ಕೊನೆಯ ಅಂಕಣದಲ್ಲಿ 16ರಿಂದ 23ರೊಳಗಿನ ಅಂಕಿ ಬಂದರೆ ಓರ್ಟ್. ಎರಡೂ ಇಲ್ಲದಿದ್ದರೆ ಪುಟದ ಅಡಿಯ ಮೊತ್ತ, ‘ಲಾತುಸ್’ ಅಂತ ಬರೆದಿರುತ್ತದೆ, ಅದಕ್ಕೆ ಕೂಡಿ ನೋಡಿ. 1816ರ ಆಮೇಲೆ ಸ್ಪೆಸಿಡಾಲರ್ ಬಂತು: 5 ಓರ್ಟ್, 120 ಶಿಲ್ಲಿಂಗ್. 1838ರ ಮಾತ್ರಿಕ್ಕೆಲ್‌ನ ಡಾಲರ್, ಓರ್ಟ್, ಶಿಲ್ಲಿಂಗ್ ಆಗಲಿ, 1886ರ ಮಾರ್ಕ್ ಮತ್ತು ಓರೆ ಆಗಲಿ ಹಣವಲ್ಲ, ಜಮೀನಿನ ತೂಕ ಹೇಳುವ ಅಂಕಗಳು. ಅಜ್ಜನ ಜಮೀನು ಬರೀ 3 ಡಾಲರ್‌ದಾಗಿತ್ತು ಎಂದು ವಂಶಾವಳಿಯಲ್ಲಿ ಬರೆದಿರುವುದು ಕಂಡರೆ ಇದೇ ಗೊಂದಲ ಅಂತ ತಿಳಿಯಿರಿ.

ಸಾಲು ಕಟ್ಟುವುದು

ಎಕ್ಸೆಲ್ ಹಾಳೆಯಲ್ಲಿ ಒಂದು ಜಮೀನಿಗೆ ಒಂದು ಹಾಳೆ. ಅಂಕಣಗಳು: ವರ್ಷ, ಪಟ್ಟಿಯ ಬಗೆ, ಪುಟ, ಜಮೀನಿನ ಹೆಸರು ಅಲ್ಲಿ ಬರೆದಂತೆ, ಒಕ್ಕಲು ಅಲ್ಲಿ ಬರೆದಂತೆ, ಪಾಲು ಚಿಕ್ಕ ಘಟಕದಲ್ಲಿ, ಒಡೆಯ, ಷರಾ. ಹೆಸರನ್ನು ‘ಸರಿಪಡಿಸಿ’ ಬರೆಯಬೇಡಿ, ಸರಿಪಡಿಸಿದ್ದಕ್ಕೆ ಬೇರೆ ಅಂಕಣ ಮಾಡಿ. ಮೊದಲು 1647, 1665, 1701, 1723, 1762 ತುಂಬಿ. ಒಕ್ಕಲು ಬದಲಾದ ಎರಡು ಪಟ್ಟಿಗಳ ನಡುವೆ ಮಾತ್ರ ಫೋಗ್ಡ್‌ನ ವಾರ್ಷಿಕ ಲೆಕ್ಕಪತ್ರಕ್ಕೆ ಹೋಗಿ. ಅದು ದೊಡ್ಡ ಕಟ್ಟು: ಮುಂದೆ ಸಾರಾಂಶ, ಹಿಂದೆ ಲಗತ್ತುಗಳು. ಹೆಸರುಗಳಿರುವುದು ಲಗತ್ತುಗಳಲ್ಲಿ. ಒಕ್ಕಲು ತೆರಿಗೆಯದ್ದು ಒಂದು ಪಟ್ಟಿ, ಸ್ವಂತ ಜಮೀನಿನವರ ಓದೆಲ್ ತೆರಿಗೆಯದ್ದು ಇನ್ನೊಂದು. ಹತ್ತು ವರ್ಷದ ಅಂತರವಿದ್ದರೆ ನಡುವಿನ ವರ್ಷ ತೆರೆಯಿರಿ, ಆಮೇಲೆ ಅದರ ಅರ್ಧ. ಮೂರು ನಾಲ್ಕು ಕಟ್ಟಿನಲ್ಲಿ ಬದಲಾವಣೆಯ ವರ್ಷ ಸಿಕ್ಕಿಬಿಡುತ್ತದೆ. ಒಂದು ವರ್ಷ ‘ವಿಧವೆ’ ಅಂತಿದ್ದು ಮರುವರ್ಷ ಹೊಸ ಗಂಡಸಿನ ಹೆಸರು ಬಂದರೆ ಮರುಮದುವೆಯ ಸಾಧ್ಯತೆ ಮೊದಲು ನೋಡಬೇಕು. ವಿಧವೆ ಮರುಮದುವೆಯಾಗುವವರೆಗೆ ಗಂಡನ ಗೇಣಿಯಲ್ಲಿ ಮುಂದುವರಿಯಬಹುದಿತ್ತು, ಆಮೇಲೆ ಜಮೀನು ಹೊಸ ಗಂಡನ ಹೆಸರಿಗೆ ಬರುತ್ತಿತ್ತು.

ಕಂದಾಯದ ಪಟ್ಟಿ ಇಲ್ಲಿಗೆ ನಿಲ್ಲುತ್ತದೆ. ಮುಂದೆ ತಂದೆ ಮಗ ಅಂತ ಬರೆಯಬೇಕಾದರೆ ಬೇರೆ ಕಾಗದ ಬೇಕು: ತೀರಿಕೊಂಡವರ ಆಸ್ತಿ ಹಂಚಿಕೆಯ ಶಿಫ್ಟೆ ಪುಸ್ತಕ, ಊರ ನ್ಯಾಯಾಲಯದ ತಿಂಗ್‌ಬೂಕ್. ಬದಲಾವಣೆಯ ವರ್ಷ ಗೊತ್ತಿರುವುದರಿಂದ ಅವುಗಳಲ್ಲಿ ತಿರುವಬೇಕಾದ್ದು ಎರಡು ಮೂರು ವರ್ಷದ ಪುಟಗಳಷ್ಟೇ. ಆ ಪ್ರದೇಶದ ಬಿಗ್ಡೆಬೂಕ್, ಅಂದರೆ ಜಮೀನು ಜಮೀನಿನ ಚರಿತ್ರೆ ಬರೆದ ಸ್ಥಳೀಯ ಪುಸ್ತಕ, ಇದ್ದರೆ ಅದನ್ನೂ ಹೋಲಿಸಿ. ಆದರೆ ಅದರಲ್ಲಿ ‘ಮಗ’ ಅಂತ ಬರೆದದ್ದಕ್ಕೆ ಯಾವ ದಾಖಲೆ ಆಧಾರ ಅಂತ ಕೇಳಿಕೊಳ್ಳಿ. ಹಳೆಯ ಬಿಗ್ಡೆಬೂಕ್‌ಗಳಲ್ಲಿ 1650ಕ್ಕೂ ಹಿಂದಿನ ಸಂಬಂಧಗಳು ಎಷ್ಟೋ ಸಲ ಹೆಸರಿನ ಹೋಲಿಕೆಯ ಮೇಲೆ ಕಟ್ಟಿದ್ದು. ಮೊದಲ ಮಗನಿಗೆ ತಂದೆಯ ತಂದೆಯ ಹೆಸರಿಡುವ ರೂಢಿ ಇದ್ದದ್ದರಿಂದ ಅಂಥ ಹೋಲಿಕೆ ಸುಲಭವಾಗಿ ಸಿಗುತ್ತದೆ. ಆಧಾರ ಸಿಗದಿದ್ದರೆ ನಿಮ್ಮ ಹಾಳೆಯಲ್ಲಿ ‘ಅದೇ ಪಾಲಿನ ಮುಂದಿನ ಒಕ್ಕಲು’ ಅಂತ ಬರೆದು ಬಿಡಿ, ವಂಶವೃಕ್ಷದ ಗೆರೆ ಎಳೆಯಬೇಡಿ.